ಗಂಟಲಿನ ಗುಳಿಗೆಯೂ ನನ್ನ ಹಕಾರವೂ

ನೆಗಡಿ ನನಗೆ ಹೊಸದಲ್ಲ, ಮರ್ಯಾದೆ ಕಳೆದುಕೊಳ್ಳುವುದೂ ಹೊಸದಲ್ಲ. ಆದರೆ ಎರಡೂ ಒಂದೇ ದಿನ, ಅದೂ ನಾದಿನಿಯ ಮನೆಯಲ್ಲಿ ಒದಗಿಬಂದದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ನಂಜನಗೂಡಿನ ನಿವೃತ್ತ ಕನ್ನಡ ಮೇಷ್ಟ್ರು. ಹೆಂಡತಿಯ ತವರು ತಿ. ನರಸೀಪುರದ ಕಡೆ. ಅಲ್ಲಿ ಹಾಲು ಆಲು, ಹಬ್ಬ ಅಬ್ಬ. ಹೋದಾಗಲೆಲ್ಲ ತಿದ್ದುತ್ತಿದ್ದೆ. ನಾದಿನಿ ಪುಟ್ಟಮ್ಮ ನನ್ನೆದುರು ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ್ದಳು. ಅದನ್ನು ನಾನು ಗೌರವವೆಂದು ತಿಳಿದಿದ್ದೆ! ಅವಳ ಮಗಳು ಹೇಮಾವತಿಯ ನಿಶ್ಚಿತಾರ್ಥದಲ್ಲಿ ಲಗ್ನಪತ್ರಿಕೆ ಓದಬೇಕಾದವನು ಹುಡುಗಿಯ ಅಪ್ಪ. ಅವನು 'ಏಮಾವತಿ' ಎಂದುಬಿಟ್ಟರೆ ಬೀಗರ ಮುಂದೆ ಮಾನ ಹೋಗುತ್ತದೆಂದು, ನಾನೇ ಓದುತ್ತೇನೆಂದು ಮೇಲೆ ಬಿದ್ದು ಒಪ್ಪಿಸಿದೆ. ಅಂದು ಬೆಳಿಗ್ಗೆ ಎದ್ದರೆ ಗಂಟಲು ಕಟ್ಟಿತ್ತು.

ಔಷಧಿ ಅಂಗಡಿಯವನು ಗುಳಿಗೆಯ ಪಟ್ಟಿ ಕೊಡುತ್ತಾ, "ಮರಗಟ್ಸೋ ಔಸ್ದಿ ಅದೆ ಸಾ. ನಿಧಾನಕ್ಕೆ ಚೀಪಿ, ಕಡೀಬೇಡಿ. ಒಂದ್ರಿಂದೆ ಒಂದ್ ಆಕ್ಕೋಬೇಡಿ" ಎಂದ. ನಾನು ಅವನ 'ಆಕ್ಕೋಬೇಡಿ'ಯನ್ನು ತಿದ್ದಿದೆ. ಮಾತನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ.

ಗುಳಿಗೆಯದೇನೂ ತಪ್ಪಿಲ್ಲ, ಪಾಪ. ಬಾಯಲ್ಲಿ ಕರಗುತ್ತಾ ಜೊಲ್ಲು ಊರಿಸುತ್ತದೆ, ಆ ಜೊಲ್ಲು ಒಣಗಿದ ಗಂಟಲನ್ನು ತೋಯಿಸುತ್ತದೆ. ಅದರೊಳಗಿನ ಪುದೀನದ ಸತ್ವ, ತಣ್ಣಗಿಲ್ಲದ ಗಂಟಲನ್ನೂ ತಣ್ಣಗಿದೆಯೆಂದು ನಂಬಿಸುತ್ತದೆ. ಮರಗಟ್ಟಿಸುವ ಜಾತಿಯದು ನೋವನ್ನು ಮುಚ್ಚಿಡುತ್ತದೆ, ಅಷ್ಟೇ, ಕಾಯಿಲೆಯನ್ನು ಓಡಿಸುವುದಿಲ್ಲ. ಬಾಯಿ ಜೋಮು ಹಿಡಿದಿರುವಾಗ ಬಿಸಿ ಕಾಫಿ ಕುಡಿಯಬಾರದು, ಸುಟ್ಟದ್ದೇ ಗೊತ್ತಾಗುವುದಿಲ್ಲ. ಪುಟ್ಟ ಮಕ್ಕಳಿಗಂತೂ ಕೊಡಲೇಬಾರದು, ಉಸಿರಿಗೆ ಸಿಕ್ಕಿಕೊಂಡೀತು. ಹೀಗೆಲ್ಲ ಪಟ್ಟಿಯ ಹಿಂದೆ ಬರೆದಿತ್ತು. ಓದುವ ಕನ್ನಡಕ ನನ್ನ ಜೇಬಿನಲ್ಲೇ ಇತ್ತು! ಬಸ್ಸಿನಲ್ಲಿ ಅರ್ಧ ಪಟ್ಟಿಯನ್ನು ಹುರಿಗಡಲೆಯಂತೆ ಕಟಕಟ ಕಡಿದೆ. ನೋವು ಕಾಣದ್ದರಿಂದ ದಾರಿಯುದ್ದಕ್ಕೂ ಪಕ್ಕದವನಿಗೆ ಭಾಷಣವನ್ನೂ ಬಿಗಿದೆ. ಸುಮ್ಮನಿದ್ದಿದ್ದರೆ ಗಂಟಲು ಉಳಿಯುತ್ತಿತ್ತೋ ಏನೋ.

ಹಜಾರದಲ್ಲಿ ಬೀಗರು ಕೂತಿದ್ದರು. ಎದ್ದು ನಿಂತು ಗತ್ತಿನಿಂದ ಶುರು ಮಾಡಿದೆ. "ಚಿರಂಜೀವಿ ಸೌಭಾಗ್ಯವತಿ ಏಮಾವತಿ..."

ಹಕಾರಕ್ಕೆ ಬೇಕಾದ ಉಸಿರೇ ಗಂಟಲಿನಿಂದ ಏಳಲಿಲ್ಲ. ಇನ್ನೊಮ್ಮೆ ದಮ್ಮು ಕಟ್ಟಿ ನೋಡಿದೆ: "ಏಮಾವತಿ!" ಅಯ್ಯೋ, ನಾಚಿಕೆಯಿಂದ ಭೂಮಿಗಿಳಿದು ಹೋದೆ. ಯಾರಾದರೂ ನಗಬಹುದೆಂದು ಕಾದೆ. ಯಾರೂ ನಗಲಿಲ್ಲ.

"ಯಾಕ್ ನಿಲ್ಸ್‌ಬುಟ್ರಿ ಬಾವ? ಸರ್ಯಾಗೇ ಓದ್ತಿದ್ರಲ್ಲ" ಎಂದಳು ಪುಟ್ಟಮ್ಮ. ಅಲ್ಲಿಯವರೆಗೂ ನಾನು ಅವಳಿಗೆ ಬರೀ ಮೇಷ್ಟ್ರು. ಬೆಚ್ಚಗಿನ ನೀರು ತಂದು ಕೈಗಿತ್ತು, "ಇವತ್ತ್ ನಮ್ಮೋರಂಗೆ ಮಾತಾಡ್ತಿದೀರಿ ಕಣ್ರೀ. ಓದಿ, ಎಲ್ಲಾ ಕೇಳ್ತಾವ್ರೆ" ಎಂದಳು.

ಇಷ್ಟು ವರ್ಷ ಇವಳ ಬಾಯಿ ಮುಚ್ಚಿಸಿದ್ದವನು ನಾನೇ ಎಂದು ಆಗ ಹೊಳೆಯಿತು. 'ಏಮಾವತಿ' ಎಂದದ್ದಕ್ಕಿಂತ ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ನೀರು ಕುಡಿದು ಮುಂದಕ್ಕೆ ಓದಿದೆ. ಕೊನೆಕೊನೆಗೆ ಒಂದೆರಡು ಹಕಾರಕ್ಕೆ ಗಂಟಲು ತಯಾರಾಗಿತ್ತು. ನಾನೇ ಬಿಟ್ಟುಬಿಟ್ಟೆ.