ಸಖುಬಾಯಿಯ ಕಡೆಯ ನುಡಿ

ಮಂಠಾಳದ ಅಮೋಘಸಿದ್ದಪ್ಪನಿಗೆ ಗಂಟಲು ಕೊಟ್ಟದ್ದು ದೇವರು, ಆ ಗಂಟಲಿಗೆ ಮಾತು ಕೊಟ್ಟದ್ದು ಹೆಂಡತಿ. ಡೊಳ್ಳಿನ ಪದಕ್ಕೆ ನಿಂತರೆ ಎದುರು ಮೇಳದವರ ನೀರಿಳಿಸುವ ಆಸಾಮಿ, ಸ್ವಂತದ್ದೊಂದು ಸಾಲು ಕಟ್ಟು ಅಂದರೆ ತಲೆ ಕೆರೆದುಕೊಳ್ಳುತ್ತಿದ್ದ. ಕಟ್ಟುವವಳು ಸಖುಬಾಯಿ. ಅಕ್ಷರ ಬಾರದ ಹೆಂಗಸು. ರೊಟ್ಟಿ ಬಡಿಯುತ್ತಲೇ ಕಟ್ಟುತ್ತಿದ್ದಳು, ಅವನು ಒಲೆಯ ಎದುರು ಕೂತು ಒಂದೊಂದೇ ಸಾಲು ಬಾಯಿಪಾಠ ಮಾಡುತ್ತಿದ್ದ. ಕುರಿ ಕಾಯುವ ಅವರ ಪೈಕಿ ಹೆಂಗಸರು ಮೇಳದಲ್ಲಿ ನಿಂತು ಹಾಡುವ ಪದ್ಧತಿ ಇರಲಿಲ್ಲ, ಆಕೆಗೂ ಆ ಹಂಬಲ ಇರಲಿಲ್ಲ. ಆಕೆಗೆ ಬೇಕಾಗಿದ್ದದ್ದು ಕಡೆಯ ನುಡಿಯೊಂದೇ.

ಡೊಳ್ಳಿನ ಪದ ಮುಗಿಯುವಾಗ ಊರು, ಗುರು, ಕಟ್ಟಿದವರ ಹೆಸರು ಹೇಳಿಯೇ ಮುಗಿಯಬೇಕು. ಸಖುಬಾಯಿಯ ಪದಗಳೆಲ್ಲ ಹೀಗೆ ಮುಗಿಯುತ್ತಿದ್ದವು:

ಊರು ಮಂಠಾಳ ನಮ್ಮದು, ಗುರು ಬೀರಪ್ಪ ಕಾಯ್ವ,
ಪದ ಕಟ್ಟಿದಾಕಿ ಸಖು, ತಪ್ಪಿದ್ರ ತಿದ್ರಿ ನೀವ.

ಅರ್ಥ ಎಲ್ಲದರಲ್ಲೂ ಇದೇ. ಆದರೆ ಒಂದೊಂದು ಪದದ ಧಾಟಿಗೂ ಆಕೆ ಇದನ್ನು ಬೇರೆ ಬೇರೆಯಾಗಿ ಹೊಂದಿಸುತ್ತಿದ್ದಳು. ಉಳಿದ ಪದವೆಲ್ಲ ಒಂದು ದಿನದಲ್ಲಿ ಮುಗಿದರೆ, ಈ ಎರಡು ಸಾಲಿಗೆ ವಾರ ಹಿಡಿಯುತ್ತಿತ್ತು.

ತೊಂಬತ್ತೇಳರಲ್ಲಿ ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಬಳಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಅಜೀಮುದ್ದೀನ್ ತಾನಾಗಿಯೇ ಮಂಠಾಳಕ್ಕೆ ಬಂದು ಮೇಳವನ್ನು ಕರೆದುಕೊಂಡು ಹೋದ. ಅಂಗಡಿಯ ಮಾಳಿಗೆಯ ಕೋಣೆಯಲ್ಲಿ ಗೋಡೆ ತುಂಬ ಕೌದಿ ಕಟ್ಟಿ ರೆಕಾರ್ಡ್ ಮಾಡಿದ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ತಲೆಗೆ ಪಟಗ ಸುತ್ತಿದ ಅಮೋಘಸಿದ್ದಪ್ಪನ ಫೋಟೊ, ಕೆಳಗೆ ‘ಅಮೋಘಸಿದ್ದಪ್ಪ ಮತ್ತು ಸಂಗಡಿಗರು’. ಸಖುಬಾಯಿಯ ಹೆಸರು ಅಲ್ಲಿರಲಿಲ್ಲ, ಆಕೆ ಕೇಳಲೂ ಇಲ್ಲ. ಮನೆಯಲ್ಲಿ ಟೇಪು ಹಚ್ಚಿದಾಗ ಕಡೆಯ ನುಡಿ ಬರುವ ಹೊತ್ತಿಗೆ ಮಾತ್ರ ಒಲೆ ಊದುವ ನೆಪ ಮಾಡಿ ಮುಖ ತಿರುಗಿಸುತ್ತಿದ್ದಳು. ಹೊಗೆಯಲ್ಲಿ ಆಕೆ ನಗುವುದು ಗಂಡನಿಗೆ ಕಾಣುತ್ತಿತ್ತು. ಆಮೇಲೆ ಬಸವಕಲ್ಯಾಣದ ಸಂತೆಯಲ್ಲಿ ಬಳೆ ಮಾರುವ ಬಿಸ್ಮಿಲ್ಲಾ ಬೀ ಆಕೆಯ ಕೈ ಹಿಡಿದು, ಆ ಹಾಡಿನ ಸಖು ನೀನೇ ಏನವ್ವಾ ಎಂದು ಕೇಳಿದಳಂತೆ. ಅದನ್ನು ಸಖುಬಾಯಿ ವರ್ಷಗಟ್ಟಲೆ ಹೇಳಿಕೊಂಡಳು.

ಹತ್ತು ವರ್ಷ ಕಳೆಯುವುದರೊಳಗೆ ಕ್ಯಾಸೆಟ್ಟಿನ ಕಾಲ ಮುಗಿಯಿತು. ಮನೆಯ ಟೇಪು ಕೆಟ್ಟು ಮೂಲೆ ಸೇರಿತು. ಅಜೀಮುದ್ದೀನನ ಅಂಗಡಿಯಲ್ಲಿ ಕ್ಯಾಸೆಟ್ಟಿನ ಜಾಗಕ್ಕೆ ಕಂಪ್ಯೂಟರ್ ಬಂತು, ಹುಡುಗರು ಫೋನು ಹಿಡಿದು ಹಾಡು ತುಂಬಿಸಿಕೊಳ್ಳಲು ಸಾಲು ನಿಂತರು. ಅವನು ಅಮೋಘಸಿದ್ದಪ್ಪನಿಗೆ ಹೇಳಿಕಳಿಸಿದ. ಅಂಗಡಿಯಲ್ಲಿದ್ದ ಕ್ಯಾಸೆಟ್ಟುಗಳಿಗೆ ಬೂಸಲು ಹಿಡಿದಿತ್ತು, ಮನೆಯವನ್ನು ತಂದರೆ ಪದಗಳನ್ನು ಮೆಮೊರಿ ಕಾರ್ಡಿಗೆ ಹಾಕಿಕೊಡುವುದಾಗಿ ಹೇಳಿದ. ಇವನು ಚೀಲದಲ್ಲಿ ಕ್ಯಾಸೆಟ್ ಕಟ್ಟಿಕೊಂಡು ಬಸ್ಸು ಹತ್ತಿದ.

ಕೆಲಸದ ನಡುವೆ ಅಜೀಮುದ್ದೀನ್ ತಿರುಗಿ ನೋಡಿದ. “ಕಾಕಾ, ಫೋನಿನಾಗ ಕೇಳೋ ಮಂದಿಗಿ ಸಬೂರಿ ಇಲ್ರಿ. ಕಡೀ ನುಡಿ ಎಲ್ಲಾದರಾಗೂ ಅದೇ ಅದ. ತೆಗೀಲೇನ್ರಿ?”

ಆಗ ಕಂಪ್ಯೂಟರಿನ ಪರದೆಯ ಮೇಲೆ ಪಟಗದ ಫೋಟೊ ಬಣ್ಣಬಣ್ಣವಾಗಿ ಕಾಣುತ್ತಿತ್ತು. ಇನ್ನು ಇದು ಊರೂರಿನ ಫೋನಿನಲ್ಲಿ ಬರುತ್ತದೆ ಎಂಬ ಉಬ್ಬಿನಲ್ಲಿ ಅಮೋಘಸಿದ್ದಪ್ಪನಿಗೆ ನೆಲ ಕಾಣಲಿಲ್ಲ. “ತೆಗಿ, ತೆಗಿ” ಅಂದುಬಿಟ್ಟ. ಕ್ಯಾಸೆಟ್ ವಾಪಸ್ ಬೇಕೇ ಎಂದು ಕೇಳಿದ್ದಕ್ಕೆ, ಹಚ್ಚಲು ಟೇಪೇ ಇಲ್ಲ, ಒಯ್ದು ಏನು ಮಾಡಲಿ ಅಂದ. ಆ ಎರಡು ಸಾಲಿಗೆ ಹೆಂಡತಿ ವಾರಗಟ್ಟಲೆ ತಿಣುಕಿದ್ದನ್ನು ಕಣ್ಣಾರೆ ಕಂಡವನು ಅವನೊಬ್ಬನೇ. ಅಂಥವನ ನೆನಪಿಗೆ ಅದು ಆ ಗಳಿಗೆಯಲ್ಲಿ ಬರಲಿಲ್ಲ.

ಚೀಲ ಖಾಲಿ ಬಂದದ್ದನ್ನು ಕಂಡು ಸಖುಬಾಯಿ ಕ್ಯಾಸೆಟ್ ಎಲ್ಲಿ ಎಂದಳು. ಅವನು ಉಗುರಿನಷ್ಟು ಕಾರ್ಡು ಫೋನಿಗೆ ಸಿಕ್ಕಿಸಿ, ಎಲ್ಲ ಇದರಲ್ಲೇ ಇದೆ ಎಂದು ಹಚ್ಚಿದ. ಆಕೆ ಹಿಟ್ಟಿನ ಕೈಯಲ್ಲೇ ಕೂತು ಪೂರ್ತಿ ಕೇಳಿದಳು. ಹಾಡು ನಿಂತಿತು. ಆಕೆ ಕಾದಳು.

“ಮುಂದ?”

“ಮುಗೀತು” ಅಂದ ಅಮೋಘಸಿದ್ದಪ್ಪ. ಅಂದಮೇಲೆ ಅವನಿಗೆ ಆ ಎರಡು ಸಾಲು ನೆನಪಾದವು. ಹೇಗಿದ್ದರೂ ಎಲ್ಲದರಲ್ಲೂ ಅದೇ ಇತ್ತಲ್ಲ ಎಂದು ಸಮಜಾಯಿಷಿ ಹೇಳಲು ಹೋದ.

“ಹೌದ್ರಿ. ಎಲ್ಲಾದರಾಗೂ ನಾನೇ ಇದ್ದೆ” ಅಂದು ಆಕೆ ಎದ್ದು ರೊಟ್ಟಿಗೆ ಕೂತಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನವೇ ಹುಮನಾಬಾದಿಗೆ ಓಡಿದ. ಕ್ಯಾಸೆಟ್ಟುಗಳು ಆಗಲೇ ಗುಜರಿಯವನ ಗಾಡಿ ಸೇರಿದ್ದವು. ಅಜೀಮುದ್ದೀನ್ ಕೆನ್ನೆ ಬಡಿದುಕೊಂಡು ತೋಬಾ ಅಂದ, ಮತ್ತೆ ಹಾಡಿಸಿ ನುಡಿಗಳನ್ನು ಕೂಡಿಸಿಯೂ ಕೊಟ್ಟ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟರಲ್ಲಿ ಫೋನಿನಿಂದ ಫೋನಿಗೆ ಹಾರಿಹೋಗಿದ್ದ ಹಾಡನ್ನು ಯಾರ ಮನೆಗೆ ಹೋಗಿ ವಾಪಸ್ ಕೇಳುವುದು? ಬಸವಕಲ್ಯಾಣದ ಆಟೊಗಳಲ್ಲೂ ಬೇಮಳಖೇಡದ ಜೀಪುಗಳಲ್ಲೂ ಪದ ಬಾಲವಿಲ್ಲದೆಯೇ ಓಡಾಡಿತು.

ಮುಂದಿನ ವರ್ಷ ಕೊಹಿನೂರದಲ್ಲಿ ನೆಂಟರ ಮನೆಯ ದೇವರ ಕಾರ್ಯ. ಮಧ್ಯಾಹ್ನದ ಊಟದ ಮೇಲೆ ಹಾಡಿಕೆ. ಹೆಂಗಸರ ನಡುವೆ ಸಖುಬಾಯಿ ಕೂತಿದ್ದಳು. ಇವತ್ತು ಆಕೆಯ ಹೆಸರನ್ನು ಮಾಳಿಗೆ ಹಾರಿಹೋಗುವಂತೆ ಕೂಗಿ ಹೇಳಬೇಕೆಂದು ಅಮೋಘಸಿದ್ದಪ್ಪ ಮನಸ್ಸಿನಲ್ಲೇ ಹರಕೆ ಹೊತ್ತಿದ್ದ. ಜನ ಪ್ರತಿ ಸಾಲಿಗೂ ತಲೆದೂಗಿದರು, ಎಲ್ಲರಿಗೂ ಪದ ಬಾಯಿಗೆ ಬರುತ್ತಿತ್ತು. ಅವನು ಕಡೆಯ ನುಡಿಗೆ ಉಸಿರು ತುಂಬಿಕೊಂಡ. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಫೋನಿನಲ್ಲಿ ಕೇಳಿ ಪದ ಕಲಿತು ಮೇಳ ಸೇರಿದ್ದ ಕಲ್ಲಿನಾಥ ಡೊಳ್ಳು ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಡೊಳ್ಳಿಲ್ಲದೆಯೇ ಅಮೋಘಸಿದ್ದಪ್ಪ ಹಾಡಿದ. ಜನ ಚಹಾಕ್ಕೆ ಏಳುತ್ತಿದ್ದರು. ಮುಗಿದ ಪದಕ್ಕೆ ಈ ಮುದುಕ ಏನು ಗೊಣಗುತ್ತಾನೆ ಎಂದು ಒಂದಿಬ್ಬರು ತಿರುಗಿ ನೋಡಿದರು. ಸಖುಬಾಯಿ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು.

ಆ ಮಳೆಗಾಲದಲ್ಲಿ, ಒಂದು ಹೊಸ ಪದ ಕಟ್ಟಿಕೊಡು ಎಂದು ಅವನು ಅಂಗಲಾಚಿದ. ಆಗಲೇ ಕಟ್ಟಿಟ್ಟಿದ್ದೇನೆ ಅಂದಳು. ಅವನು ಹಿಂದಿನಂತೆ ಒಲೆಯ ಎದುರು ಕೂತ. ಮರಿ ಕಳೆದುಕೊಂಡ ಕುರಿಯ ಪದ. ಅಂಥದ್ದನ್ನು ಆಕೆ ಜನ್ಮದಲ್ಲೇ ಕಟ್ಟಿರಲಿಲ್ಲ, ಕೇಳುತ್ತ ಕೇಳುತ್ತ ಅವನ ಕಣ್ಣು ತುಂಬಿ ಬಂದವು. ಪದ ನಿಂತಿತು. ಕಡೆಯ ನುಡಿಗಾಗಿ ಅವನು ಕಾದ.

“ಮುಂದ?”

“ಮುಗೀತ್ರಿ” ಅಂದಳು ಸಖುಬಾಯಿ.

ಅಂದಿನಿಂದ ಕುರಿ ಹಿಂದೆ ಅಡ್ಡಾಡುತ್ತ ಆ ಧಾಟಿಗೆ ಹೆಂಡತಿಯ ಹೆಸರಿನ ಎರಡು ಸಾಲು ಹೊಂದಿಸಲು ಅಮೋಘಸಿದ್ದಪ್ಪ ತಿಣುಕುತ್ತಲೇ ಇದ್ದಾನೆ. ತಾಳಕ್ಕೆ ಕೂಡುತ್ತಿಲ್ಲ.