ಒಂದು ಬುಟ್ಟಿ ಎರೆಮಣ್ಣು

ಎಳ್ಳ ಅಮಾವಾಸ್ಯೆಯ ಮರುದಿನ ಜಮಖಂಡಿಯ ನಮ್ಮ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರು ಬುತ್ತಿ ಬಿಚ್ಚಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಜೊತೆಗೆ ಹಸಿ ಹತ್ತರಕಿ ಸೊಪ್ಪು. ಭೂಮಿತಾಯಿಯ ಎಡೆಯೆಂದು ಹೊಲದಲ್ಲಿ ಚರಗ ಚೆಲ್ಲಿ ಉಳಿದ ಅಡಿಗೆಯಂತೆ. ಎಳ್ಳಿನ ವಾಸನೆ ಮೂಗಿಗೆ ಬಂದದ್ದೇ ತಡ, ಚಿಕ್ಕಂದಿನಲ್ಲಿ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ ನೆನಪಾದಳು...

ಬೀಳಗಿ ತಾಲೂಕಿನ ನಮ್ಮ ಹಳೆಯ ಊರು ಆಣೆಕಟ್ಟಿನ ಹಿನ್ನೀರಿನ ಪಾಲಾಗುವುದೆಂದು ಗೊತ್ತಾದ ಮೇಲೆ ನಮ್ಮನ್ನೆಲ್ಲ ಗುಡ್ಡದ ಮೇಲಿನ ಹೊಸ ಊರಿಗೆ ತಂದು ಹಾಕಿದ್ದರು. ನಾನಾಗ ಎಂಟನೆಯ ಇಯತ್ತೆ. ಸಾಲೆಯ ಕಟ್ಟಡವೇನೋ ಚಂದವಿತ್ತು, ಆದರೆ ಸುತ್ತ ಬರೀ ಗರಸು, ಕಲ್ಲುನೆಲ. ವಿಜ್ಞಾನದ ಗುರುಗಳು ಹುರುಪಿನಿಂದ ತೋಟದ ಸಂಘ ಕಟ್ಟಿದರು. ನಾವು ನೆಟ್ಟದ್ದೆಲ್ಲ ನೆಟ್ಟಲ್ಲೇ ಒಣಗಿತು.

ಮಣ್ಣು ಕೊಳ್ಳಲು ಊರಲ್ಲಿ ವಂತಿಗೆ ಕೂಡಿಸೋಣವೆಂದು ಗುರುಗಳು ಕಟ್ಟೆಗೆ ಹೋದರು. ಹೊಸ ಗುಡಿಗೆ ಕೊಟ್ಟು ಕೊಟ್ಟು ಜನಕ್ಕೆ ಆಗಲೇ ಸಾಕಾಗಿತ್ತು. ಕೊನೆಗೆ ಹಿರಿಯರೊಬ್ಬರು ಹೇಳಿದರು: "ರೊಕ್ಕಾ ಕೇಳಬ್ಯಾಡ್ರಿ ಸರ. ಮಣ್ಣ ಕೇಳ್ರಿ. ಹೆಂಗೂ ಮುಳಗೂದ ಐತಿ."

ಮಾತು ಎಲ್ಲರಿಗೂ ಒಪ್ಪಿಗೆಯಾಯಿತು. ಮನೆಗೊಂದು ಬಂಡಿಯಂತೆ ಹೊಳೆದಂಡೆಯ ಹೊಲಗಳಿಂದ ಕರಿಮಣ್ಣು ಮೇಲೇರಿ ಬಂತು. ಗುರುಗಳಿಗೆ ಗುಲಾಬಿಯ ಕನಸು. ಆದರೆ ಒಬ್ಬರೂ ತಮ್ಮ ಮಣ್ಣನ್ನು ಇನ್ನೊಬ್ಬರದರಲ್ಲಿ ಬೆರೆಸಲು ಬಿಡಲಿಲ್ಲ. ಬೇರೆ ಬೇರೆ ಮಡಿ ಮಾಡಿ, ನಡುವೆ ಬದು ಹಾಕಿ, ಜೋಳ, ಕುಸುಬಿ, ಮೆಣಸಿನಗಿಡ ಹಚ್ಚಿಬಿಟ್ಟರು. ಹಳೆಯ ಊರಿನ ಬದುವಿನ ಜಗಳಗಳೂ ಒಂದೆರಡು ಮೇಲೆ ಬಂದವು. ಗುಲಾಬಿಗೆ ನಳದ ಬಳಿ ಒಂದು ಮೂಲೆ ಸಿಕ್ಕಿತು. ಗುರುಗಳು ತಲೆ ಕೆರೆದುಕೊಂಡು ನಕ್ಕರು.

ಕೊಡದೆ ಉಳಿದವಳು ದೊಡ್ಡವ್ವ ಒಬ್ಬಳೇ. ಗಂಡ ತೀರಿದ ಮೇಲೆ ಹೊಳೆದಂಡೆಯ ಹೊಲವನ್ನು ತಾನೇ ನಿಂತು ಮಾಡಿಸಿದವಳು. ಹೊಸ ಊರಿಗೆ ಬಂದರೂ ದಿನಾ ಇಳಿದು ಹೋಗಿ ಹೊಲ ನೋಡಿ ಬರುತ್ತಿದ್ದಳು. ನೀರು ತನ್ನ ಬದುವಿನಾಚೆಗೇ ನಿಂತೀತೆಂಬ ಆಸೆ ಅವಳಿಗೆ. ಹೊಳೆಗೇ ಬುದ್ಧಿ ಹೇಳಿ ಕಳಿಸುತ್ತಾಳೆಂದು ಊರವರು ಚಾಷ್ಟಿ ಮಾಡುತ್ತಿದ್ದರು. ಸಂಘದ ಹುಡುಗಿಯರು ಕೇಳಲು ಹೋದಾಗ ಅವಳು ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಮನಿ ಬಿಟ್ಟೆ, ಊರ ಬಿಟ್ಟೆ. ಹೊಲಾ ಇನ್ನೂ ಅಲ್ಲೇ ಐತೆವ್ವಾ. ಅದನ್ನ ಅಗಿಯಾಕ ನಾ ಕೊಡಾಂಗಿಲ್ಲ."

ಮಳೆಗಾಲದಲ್ಲಿ ಹಿನ್ನೀರು ಏರಿತು. ಒಂದು ಸಂಜೆ ನಾವು ಗಿಡಗಳಿಗೆ ನೀರು ಹಾಕುತ್ತಿದ್ದಾಗ ದೊಡ್ಡವ್ವ ತಲೆಯ ಮೇಲೆ ಬುಟ್ಟಿ ಹೊತ್ತು ನೇರವಾಗಿ ಸಾಲೆಗೇ ಬಂದಳು. ಮೊಣಕಾಲ ತನಕ ಸೀರೆ ತೊಯ್ದಿತ್ತು. ಬುಟ್ಟಿ ಇಳಿಸಿಕೊಂಡವಳು ನಾನು. ಮೊದಲೇ ಹೇಳಿದ್ದರೆ ಬಂಡಿ ಕಳಿಸುತ್ತಿದ್ದೆವಲ್ಲ, ಇಷ್ಟೇ ಯಾಕೆ ತಂದೆ ಎಂದು ಕೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಎಲ್ಲಾ ತರಾಕ ಆಗತೈತೇನ? ಚರಗಾ ಚೆಲ್ಲಾಕ ನನಗೂ ಒಂದ ಜಾಗಾ ಇರಲಿ."

ಮೂಲೆಯಲ್ಲಿ ಸುರಿದ ಆ ಮಣ್ಣಿನಲ್ಲಿ ಅವಳು ಏನನ್ನೂ ಬಿತ್ತಲಿಲ್ಲ. ಚಳಿಗಾಲಕ್ಕೆ ಹತ್ತರಕಿ ತಾನಾಗಿಯೇ ಎದ್ದಿತು. ಹೊಲದ ಬೀಜ ಮಣ್ಣಿನೊಳಗೇ ಕೂತು ಬಂದಿತ್ತು. ಎಳ್ಳ ಅಮಾವಾಸ್ಯೆಗೆ ಅವಳು ಬುತ್ತಿ ಕಟ್ಟಿಕೊಂಡು ಬಂದಳು. ಸಾಲೆಯಲ್ಲಿ ಪೂಜೆಯೇ ಎಂದು ಗುರುಗಳು ಒಂದು ಗಳಿಗೆ ತಡವರಿಸಿ, ಆಮೇಲೆ ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಂತರು. ಮೊರದಷ್ಟಗಲದ ಆ ಹೊಲವನ್ನು ದೊಡ್ಡವ್ವ ಚರಗ ಚೆಲ್ಲುತ್ತ ಸುತ್ತಿದಳು, ಹಿಂದೆ ನೀರು ಚಿಮುಕಿಸುತ್ತ ನಾನು. ಚರಗ ಚೆಲ್ಲುವಾಗಿನ ಮಾತನ್ನು ಹೊಲದಲ್ಲಾದರೆ ಕೂಗಿ ಹೇಳುತ್ತಾರೆ. ಅವಳು ಬಾಯೊಳಗೇ ಅಂದುಕೊಂಡಳು... ನನಗೆ ಅಳು ತಡೆಯಲಾಗಲಿಲ್ಲ.

ದೊಡ್ಡವ್ವ ಇರುವ ತನಕ ಒಂದು ವರ್ಷವೂ ತಪ್ಪಿಸಲಿಲ್ಲ. ಅವಳು ಹೋದ ಮೇಲೆ ತೋಟದ ಜಾಗದಲ್ಲಿ ಹೊಸ ಕೋಣೆಗಳು ಎದ್ದವು. ಮಕ್ಕಳು ಹೆಚ್ಚಾಗಿದ್ದರು, ಕೋಣೆಗಳು ಬೇಕೇ ಆಗಿದ್ದವು. ಯಾರನ್ನು ದೂರುವುದು? ಆದರೂ ಆ ಕಡೆ ಹೋದಾಗ ಸಾಲೆಯೊಳಗೆ ಕಾಲಿಡಲು ಮನಸ್ಸಾಗುವುದಿಲ್ಲ.

ಸಹೋದ್ಯೋಗಿ ಡಬ್ಬಿಯನ್ನು ನನ್ನತ್ತ ಸರಿಸಿದರು. ರೊಟ್ಟಿಯಲ್ಲಿ ಹತ್ತರಕಿ ಸುತ್ತಿ ಮೊದಲ ತುತ್ತು ಮುರಿದೆ. ದೊಡ್ಡವ್ವನ ಹೆಸರಲ್ಲಿ ಅದನ್ನು ಮಣ್ಣಿಗೆ ಹಾಕಬೇಕೆನಿಸಿತು. ಕೆಳಗೆ ಫರಸಿಕಲ್ಲಿನ ನೆಲ, ಕಿಟಕಿಯಾಚೆ ಸಿಮೆಂಟಿನ ಅಂಗಳ. ತುಸು ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು, ತಿಂದುಬಿಟ್ಟೆ.