ಬರ್ಮಾ ಟೀಚರಿಗೆ ಸಾಕ್ಷಿ ಯಾರು?

ಮೊನ್ನೆ ಮಾಲೂರಿನ ಒಂದು ಕಚೇರಿಯಲ್ಲಿ ವಿಳಾಸ ಬದಲಾವಣೆಯ ಅರ್ಜಿ ತುಂಬುತ್ತ ಕೂತಿದ್ದವನು ಇದ್ದಕ್ಕಿದ್ದಂತೆ ಜೋರಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಆಚೆ ತೊಡೆಗೆ ಸರಿಸಿಕೊಂಡಳು. ಅವಳದೇನೂ ತಪ್ಪಿಲ್ಲ ಬಿಡಿ. ಅರವತ್ತೈದು ದಾಟಿದ ಗಂಡಸು ಸರ್ಕಾರಿ ಫಾರಂ ಓದಿ ನಗುವುದು ಒಳ್ಳೆಯ ಲಕ್ಷಣವಲ್ಲ.

ನಗಿಸಿದ್ದು ಫಾರಂನ ಕೊನೆಯ ಸಾಲು: 'ಅರ್ಜಿದಾರರನ್ನು ಬಲ್ಲ ಸ್ಥಳೀಯರ ಸಹಿ.' ಓದಿದ್ದೇ ತಡ, ಒಂದು ಅಲ್ಯೂಮಿನಿಯಂ ತಟ್ಟೆ, ಅದರ ಹಿಂದಿನಿಂದ ಇಣುಕುವ ನಾಗರತ್ನಮ್ಮ ಟೀಚರ ಮುಖ ಕಣ್ಣ ಮುಂದೆ ಬಂದು ನಿಂತವು.

ಆಗ ನಾನು ತಾಯಲೂರಿನ ಶಾಲೆಯಲ್ಲಿ ಎಳೆ ವಯಸ್ಸಿನ ವಿಜ್ಞಾನದ ಮೇಷ್ಟ್ರು, ಅವರು ಹೊಲಿಗೆ ಟೀಚರ್. ನಾಗರತ್ನಮ್ಮ ಅಂದರೆ ಊರಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ, 'ಬರ್ಮಾ ಟೀಚರ್' ಅನ್ನಬೇಕಿತ್ತು. ಹುಟ್ಟಿದ್ದು ರಂಗೂನಿನಲ್ಲಿ. ಎಂಟು ವರ್ಷದವರಿದ್ದಾಗ ಅಲ್ಲಿನ ಸರ್ಕಾರ ಇಂಡಿಯಾದವರು ಅಂತ ಮನೆಮಂದಿಯನ್ನೆಲ್ಲ ಹೊರಡಿಸಿತಂತೆ. ಹಡಗು, ಮದ್ರಾಸು, ನಿರಾಶ್ರಿತರ ಶಿಬಿರ, ಆಮೇಲೆ ತಾಯಲೂರು. ಬಂದು ಇಪ್ಪತ್ತು ವರ್ಷವಾಗಿದ್ದರೂ ಹಾಲು ಹಾಕುವವನಿಂದ ಹಿಡಿದು ಹೆಡ್‌ಮಾಸ್ಟರವರೆಗೆ ಎಲ್ಲರಿಗೂ ಅವರು ಬರ್ಮಾದವರೇ.

"ಒಂದೇ ಒಂದ್ ಸಲ ಯಾರಾದ್ರೂ ನನ್ನ 'ನಮ್ಮೂರೋಳು' ಅನ್ಲಿ ಮೇಷ್ಟ್ರೇ, ಅಷ್ಟು ಸಾಕು" ಅನ್ನುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು. ಆದರೆ ಹಾಗನ್ನುವಾಗ ಕೈಯಲ್ಲಿನ ಸೂಜಿ ನಿಂತುಬಿಡುತ್ತಿತ್ತು.

ಒಂದು ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ತಾವೊಬ್ಬರೇ ನಾಟಕ ಮಾಡುತ್ತೇನೆ ಅಂದರು. ತಮ್ಮದೇ ಶಿಬಿರದ ಕಥೆ, ಅದೂ ಹಾಸ್ಯದಲ್ಲಿ. ಹೆಡ್‌ಮಾಸ್ಟರು ಕನ್ನಡಕ ತೆಗೆದರು.

"ನಿರಾಶ್ರಿತರ ವಿಷಯ ಮೇಡಂ. ಜನಕ್ಕೆ ಕಣ್ಣಲ್ಲಿ ನೀರು ಬರ್ಬೇಕು."

"ಇಪ್ಪತ್ತು ವರ್ಷದಿಂದ ಅಯ್ಯೋ ಪಾಪ ಕೇಳಿ ಕೇಳಿ ಸಾಕಾಗಿದೆ ಸಾರ್. ಒಂದ್ ಸಂಜೆ ನಗ್ಲಿ ಬಿಡಿ."

ಅಯ್ಯೋ ಪಾಪ ಅನ್ನುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ. ಬಸ್ಸು ತಪ್ಪಿದರೂ ಅಯ್ಯೋ ಪಾಪ, ನೆಗಡಿಯಾದರೂ ಅಯ್ಯೋ ಪಾಪ. ನನ್ನ ಮದುವೆ ಗೊತ್ತಾದ ಸುದ್ದಿ ಕೇಳಿ ನಮ್ಮ ಸೋದರತ್ತೆ ಮೊದಲು ಅಂದದ್ದೂ ಅದನ್ನೇ. ಯಾರನ್ನು ಕುರಿತು ಅಂದರೋ ಇವತ್ತಿಗೂ ಕೇಳುವ ಧೈರ್ಯ ಬಂದಿಲ್ಲ.

ನಾಟಕದಲ್ಲಿ ನನಗೂ ಒಂದು ಪಾತ್ರ ಕೊಡಿ ಅಂದೆ. "ಒಬ್ಬಳೇ ಮಾಡೋ ನಾಟಕದಲ್ಲಿ ಇನ್ನೊಂದು ಪಾತ್ರ ಎಲ್ಲಿಂದ ತರ್ಲಿ? ಪರದೆ ಎಳೀರಿ" ಅಂದರು. ಎಳೆದೆ.

ರಂಗದ ಮೇಲೆ ಸಾಮಾನು ಅಂತ ಇದ್ದದ್ದು ಒಂದೇ, ಶಿಬಿರದಲ್ಲಿ ಕೊಟ್ಟಿದ್ದ ನಂಬರು ಕೊರೆದ ತಟ್ಟೆ. ಅದನ್ನು ಹೊಟ್ಟೆಯ ಮುಂದೆ ಹಿಡಿದು ತಿರುಗಿಸಿದರೆ ಲಾರಿಯ ಸ್ಟೇರಿಂಗು, ತಲೆಗಿಟ್ಟರೆ ಅಧಿಕಾರಿಯ ಟೋಪಿ, ಸೊಂಟಕ್ಕಿಟ್ಟರೆ ಅವರಮ್ಮ ರಂಗೂನಿನಲ್ಲಿ ಬಿಟ್ಟುಬಂದ ಬಿಂದಿಗೆ. ಶಿಬಿರದ ಅಧಿಕಾರಿಯೂ ಅವರೇ, ಅವರಪ್ಪನೂ ಅವರೇ.

"ಸ್ವಂತ ಊರು ಯಾವುದಯ್ಯಾ?"

"ಹುಟ್ಟಿದ್ದೇ ರಂಗೂನಲ್ಲಿ ಸಾರ್."

"ಅದು ನಡೆಯಲ್ಲ. ಇಂಡಿಯಾದಲ್ಲಿ ಒಂದು ಊರು ಹೇಳು."

"ನಮ್ ತಾತ ಅಜ್ಜಿ ಜೊತೆ ಜಗಳ ಆಡ್ದಾಗೆಲ್ಲ 'ತಾಯಲೂರು ಕೆರೆಗೆ ಬಿದ್ದು ಸಾಯ್ತೀನಿ' ಅಂತಿದ್ದ ಸಾರ್. ಅದನ್ನೇ ಬರ್ಕೊಳ್ಳಿ."

ಶಾಲೆಯ ಅಂಗಳ ಬಿದ್ದು ಬಿದ್ದು ನಕ್ಕಿತು. "ಬಂದು ನೋಡಿದ್ರೆ ಕೆರೇಲಿ ಮೊಣಕಾಲುದ್ದ ನೀರಿಲ್ಲ! ಅಜ್ಜಿ ಯಾಕೆ ಹೆದರ್ತಿರಲಿಲ್ಲ ಅಂತ ಆಗ ಗೊತ್ತಾಯ್ತು." ಹೆಡ್‌ಮಾಸ್ಟರ ಕಣ್ಣಲ್ಲಿ ಅವರು ಬಯಸಿದ್ದ ನೀರು ಬಂದಿತ್ತು, ನಕ್ಕು ನಕ್ಕು.

ಮುಂದಿನದು ತಾಯಲೂರಿನಲ್ಲಿ ರೇಷನ್ ಕಾರ್ಡು ಕೇಳುವ ದೃಶ್ಯ. ಟೀಚರು ತಟ್ಟೆಯನ್ನು ತಲೆಗಿಟ್ಟು ಗದರಿದರು: "ಈ ಊರಲ್ಲಿ ನಿನ್ನ ಬಲ್ಲೋರು ಯಾರಯ್ಯಾ ಇದ್ದಾರೆ?" ಆಮೇಲೆ ತಟ್ಟೆಯನ್ನು ಹಣೆಗೆ ಅಡ್ಡ ಹಿಡಿದು, ಅಪ್ಪನಾಗಿ, ಒಂದೊಂದೇ ದಿಕ್ಕಿಗೆ ತಿರುಗಿದರು. ನಾಲ್ಕೂ ದಿಕ್ಕು ನೋಡಿ 'ಆ ಕಾಗೆ ಸಾರ್, ದಿನಾ ಊಟದ ಹೊತ್ತಿಗೆ ಬರುತ್ತೆ' ಅನ್ನಬೇಕಿತ್ತು. ತಾಲೀಮಿನಲ್ಲಿ ಅದಕ್ಕೇ ನಾನು ಹೆಚ್ಚು ನಕ್ಕಿದ್ದೆ.

ಮೂರನೆಯ ದಿಕ್ಕಿಗೆ ತಿರುಗುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಮುನಿಯಮ್ಮಜ್ಜಿ ಎದ್ದು ನಿಂತಳು. ಶಾಲೆಯ ಗೇಟಿನಲ್ಲಿ ಕಡಲೆಕಾಯಿ ಮಾರುವವಳು, ಅದೇ ಮೊದಲು ನಾಟಕ ನೋಡುತ್ತಿದ್ದಳು. ಅಧಿಕಾರಿಯ ಮೇಲೆ ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು.

"ನೇನುಂಡಾನು, ರಾಸ್ಕೋ ನಾಯನಾ!" ತೆಲುಗಿನಲ್ಲಿ ಶುರುವಾದದ್ದು ಕನ್ನಡಕ್ಕೆ ಹೊರಳಿತು. "ನಾನಿದ್ದೀನಿ, ಬರ್ಕೋ! ಮನುಷ್ಯರನ್ನ ಎಷ್ಟೊತ್ತು ಅಂತ ನಿಲ್ಲಿಸ್ತೀಯ?"

ನಾನು ಗಾಬರಿಯಲ್ಲಿ ಪರದೆ ಎಳೆದುಬಿಟ್ಟೆ.

"ತೆಗೀರಿ ಮೇಷ್ಟ್ರೇ ಅದನ್ನ!" ಎಂದು ಟೀಚರು ಗುಡುಗಿದರು. ತೆಗೆದೆ. ಅವರು ತಟ್ಟೆಯನ್ನು ಮತ್ತೆ ತಲೆಗಿಟ್ಟು ಅಧಿಕಾರಿಯ ದನಿಯಲ್ಲೇ ಕೇಳಿದರು: "ಏನಮ್ಮಾ, ಇವರ ಹೆಸರಾದ್ರೂ ಗೊತ್ತಾ ನಿನಗೆ?"

"ಹೆಸ್ರು ಕಟ್ಕೊಂಡು ಏನಾಗ್ಬೇಕು? ನಮ್ ಬರ್ಮಾ ಟೀಚರು! ನನ್ ಮೊಮ್ಮಗಳಿಗೆ ಲಂಗ ಹೊಲಿಯೋದು ಕಲಿಸ್ದೋಳು. ನಮ್ಮೂರೋಳು!"

ಹಿಂದಿನಿಂದ ಇನ್ನೊಬ್ಬರು ಎದ್ದರು, "ನಂದೂ ಬರ್ಕೊಳ್ಳಿ ಸಾರ್." ಹಾಲಿನವನು ಎದ್ದ. ನೋಡನೋಡುತ್ತ ಅರ್ಧ ಅಂಗಳ ಸಾಕ್ಷಿ ಹೇಳಲು ನಿಂತಿತ್ತು. ಟೀಚರು ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದರು. ತಟ್ಟೆ ಕುಲುಕುತ್ತಿತ್ತು. ಅದರ ಹಿಂದೆ ನಗುತ್ತಿದ್ದಾರೋ ಅಳುತ್ತಿದ್ದಾರೋ ಪರದೆಯ ಹಗ್ಗ ಹಿಡಿದು ಪಕ್ಕದಲ್ಲೇ ಇದ್ದ ನನಗೂ ತಿಳಿಯಲಿಲ್ಲ. ಕಾಗೆಯ ಮಾತು ಹೇಳಲಾಗಲೇ ಇಲ್ಲ.

"ಒಬ್ಬಳ ನಾಟಕದಲ್ಲಿ ಊರೆಲ್ಲ ಪಾತ್ರ ಮಾಡ್ಬಿಟ್ರಲ್ಲ" ಎಂದು ಆಮೇಲೆ ಬೈದರು. ಬರ್ಮಾ ಎಂಬುದೇನೂ ಹೋಗಲಿಲ್ಲ. ಅದರ ಹಿಂದೆ ಒಂದು 'ನಮ್ಮ' ಸೇರಿಕೊಂಡಿತು, ಅಷ್ಟೆ. ಅವರಿಗೆ ಅಷ್ಟೇ ಬೇಕಿದ್ದದ್ದು.

ಫಾರಂ ಹಿಡಿದು ಸಾಲಿನಲ್ಲಿ ನಿಂತು ಕೌಂಟರಿಗೆ ಬಂದಾಗಲೂ ನಗು ನಿಂತಿರಲಿಲ್ಲ. "ನಗೋದು ಆಮೇಲೆ ಸಾರ್, ಸಹಿ ಯಾರ್ದು?" ಎಂದ ಕೌಂಟರಿನವನು. ಮಗಳದು ಅಂದೆ. ಮನೆಯವರದು ನಡೆಯುವುದಿಲ್ಲ ಅಂದ. ಮಾಲೂರಿಗೆ ಬಂದು ಮಗಳ ಮನೆ ಸೇರಿ ಎರಡು ವರ್ಷವಾಯಿತು. ಮೂವತ್ತು ವರ್ಷ ಊರ ಮಕ್ಕಳ ಹಾಜರಿ ಕೂಗಿದವನಿಗೆ ಈ ಊರಿನಲ್ಲಿ 'ಇದ್ದೀನಿ ಸಾರ್' ಅನ್ನಲು ಒಬ್ಬರೂ ಇಲ್ಲವೆಂದು ಆಗ ಹೊಳೆಯಿತು. ನಿಜ ಹೇಳುತ್ತೇನೆ, ನಗು ಬತ್ತಿತು. ಸುಮ್ಮನೆ ಸುತ್ತ ನೋಡಿದೆ, ನಾಲ್ಕೂ ದಿಕ್ಕಿಗೆ.

"ನಾನಿದೀನಿ ಸಾರ್, ಬರ್ಕೊಳ್ಳಿ."

ಸಾಲಿನಲ್ಲಿ ನನ್ನ ಹಿಂದಿದ್ದವನು. ನಮ್ಮ ಬೀದಿಯ ಮೂಲೆಯಲ್ಲಿ ಪಾನಿಪುರಿ ಗಾಡಿ ಇಟ್ಟಿರುವವನು, ಬಿಹಾರದ ಕಡೆಯವನು, ಮಾಲೂರಿಗೆ ಬಂದು ಹತ್ತು ವರ್ಷವಾದವನು. ಕೌಂಟರಿನವನು ಅವನನ್ನು ಮೇಲಿಂದ ಕೆಳಗೆ ನೋಡಿದ.

"ಇವರ ಹೆಸರು ಗೊತ್ತಾ?"

ಅವನು ತಲೆ ಕೆರೆದುಕೊಂಡ. "ಹೆಸರು ಗೊತ್ತಿಲ್ಲ. ಈರುಳ್ಳಿ ಬೇಡ, ಖಾರ ಜಾಸ್ತಿ. ನಮ್ ಸಾರ್ ಇವರು."

ನನಗೂ ಅವನ ಹೆಸರು ಗೊತ್ತಿರಲಿಲ್ಲ. ಕೇಳಬೇಕೆಂದು ಬಾಯಿ ತೆರೆದೆ. ಫಾರಂ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ. ಆದರೆ ಕಾಗದ ನೋಡಿ, ತಟ್ಟೆಯಷ್ಟು ಮರೆ ಮಾಡುವುದಿಲ್ಲ.